ಊರಿನ ಮನೆ ನೆಟ್ ದಿನಕ್ಕೆ ಎರಡು ಸಲ ಬೀಳುತ್ತದೆ. ತಾನಾಗೇ ಏಳುವ ಹಾಗೆ ಮಾಡಬಹುದಾ?

ತೋಟದಮನೆ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಂಗಳೂರು, ಊರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಮೊಬೈಲ್ ಸಿಗ್ನಲ್ ಅಂದರೆ ಅಂಗಳದ ಹಲಸಿನ ಮರದ ಕೆಳಗೆ ಒಂದು ಕಡ್ಡಿ, ಒಳಗೆ ಬಂದರೆ ಅದೂ ಇಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಫೈಬರ್ ಹಾಕಿಸಿದೆ. ಈಗ ಮಾತುಕತೆ ಎಲ್ಲ ವೈಫೈ ಕಾಲಿಂಗ್‌ನಲ್ಲೇ. ಅಂಗಳಕ್ಕೆ ಒಂದು ಕ್ಯಾಮೆರಾನೂ ಇದೆ.

ಮೂರು ತಿಂಗಳಿಂದ ಒಂದೇ ಗೋಳು. ದಿನಕ್ಕೆ ಒಂದೆರಡು ಸಲ ನೆಟ್ ಹೋಗುತ್ತದೆ. ಫೈಬರ್ ಬಂದು ಸೇರುವ ಡಬ್ಬಿಯ (ಅದೇ ನಮ್ಮ ರೂಟರ್) ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಬರುತ್ತದೆ. ಆದರೆ ಡಬ್ಬಿ ಇರುವುದು ಅಟ್ಟದ ಮೇಲೆ, ಅಪ್ಪನಿಗೆ ಮಂಡಿ ನೋವು. ನೆಟ್ ಹೋಗಿದೆ ಅಂತ ಫೋನ್ ಮಾಡಿ ಹೇಳೋಣ ಅಂದರೆ ಫೋನೂ ಆ ನೆಟ್‌ನಲ್ಲೇ ಬರಬೇಕು! ಯಾರಾದರೂ ಹಲಸಿನ ಮರದ ಕೆಳಗೆ ಹೋಗುವವರೆಗೆ ನಾನು ಇಲ್ಲಿ ಸುಮ್ನೆ ಕಾಯುತ್ತಾ ಕೂರಬೇಕು.

ಕಳೆದ ವಾರ ಬುದ್ಧಿ ಉಪಯೋಗಿಸಿ ಡಬ್ಬಿಗೆ ಒಂದು ಸ್ಮಾರ್ಟ್ ಪ್ಲಗ್ (ಫೋನಿನಿಂದ ಆಫ್ ಆನ್ ಮಾಡುವಂಥದ್ದು, ಅದೂ ಅದೇ ವೈಫೈನಲ್ಲಿ ನಡೆಯುವುದು) ತಂದು ಹಾಕಿದೆ. ನೆಟ್ ನಿಧಾನ ಆಗಿತ್ತು, ಇಲ್ಲಿಂದಲೇ ಆ್ಯಪ್‌ನಲ್ಲಿ ಆಫ್ ಒತ್ತಿದೆ. ಆಫ್ ಆಯಿತು. ಆಮೇಲೆ ಆನ್ ಒತ್ತಿದೆ. ಆಗ ಹೊಳೆಯಿತು ನಾನು ಎಂಥಾ ಕೆಲಸ ಮಾಡಿದ್ದೇನೆ ಅಂತ.

ತಾನಾಗೇ ನೋಡಿಕೊಂಡು ರೀಸ್ಟಾರ್ಟ್ ಆಗುವ ಏನಾದರೂ ವ್ಯವಸ್ಥೆ ಇದ್ದರೆ ಹೇಳಿ.

ರಿಲೇರಂಗ | ಶನಿವಾರ ರಾತ್ರಿ 9:58

ಕೂತಿದ್ದ ಕೊಂಬೆಯನ್ನೇ ಕಡಿದ ಹಾಗಾಯಿತಲ್ಲ ಗುರು. ನಗಬಾರದು, ಆದರೂ ನಕ್ಕೆ. ನಾನೂ ಒಂದು ಸಲ ಹೀಗೇ ಮಾಡಿದ್ದೇನೆ.

ಪರಿಹಾರ ಇದೆ, ಅದು ಮನೆಯ ಒಳಗೇ ಇರಬೇಕು. ಹೊರಗಿನಿಂದ ನೀವು ಒಳಗೆ ಬರುವ ದಾರಿ ಹೆಚ್ಚಿನ ಮನೆಗಳಲ್ಲಿ ಇರುವುದೇ ಇಲ್ಲ. ರೂಟರ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ಒಂದೇ ವಿಳಾಸವನ್ನು ಬಹಳ ಮನೆಗಳಿಗೆ ಹಂಚಿದ್ದಾರೆ, ಹೊರಗಿನಿಂದ ನೇರವಾಗಿ ನಿಮ್ಮ ಮನೆಗೇ ಬರಲು ಆಗುವುದಿಲ್ಲ ಅಂತ ಅರ್ಥ. ಇನ್ನು ನೆಟ್ಟೇ ಬಿದ್ದಾಗ ಯಾವ ವಿಳಾಸ ಇದ್ದರೇನು.

ನನ್ನದು ಇಎಸ್‌ಪಿ8266 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್) ಒಂದು, ರಿಲೇ (ಬೋರ್ಡ್ ಹೇಳಿದಾಗ ಆಫ್ ಆನ್ ಆಗುವ ಸ್ವಿಚ್) ಒಂದು. ಬೋರ್ಡ್ ನಿಮಿಷಕ್ಕೊಮ್ಮೆ 1.1.1.1 ಮತ್ತು 8.8.8.8 ಅನ್ನುವ ಹೊರಗಿನ ಎರಡು ಸರ್ವರಿಗೂ ಪಿಂಗ್ ಮಾಡುತ್ತದೆ, ಅಂದರೆ ಇದ್ದೀರಾ ಅಂತ ಕೇಳುತ್ತದೆ. ಐದು ಸಲ ಸತತವಾಗಿ ಎರಡೂ ಕಡೆಯಿಂದ ಉತ್ತರ ಬರದಿದ್ದರೆ ರಿಲೇ 20 ಸೆಕೆಂಡ್ ರೂಟರ್‌ನ ಕರೆಂಟ್ ತೆಗೆದು ಮತ್ತೆ ಕೊಡುತ್ತದೆ. ಅಷ್ಟೇ. ಒಂದೇ ಕಡೆ ಪಿಂಗ್ ಮಾಡಬೇಡಿ, ಆ ಕಡೆಯವರಿಗೆ ಏನೋ ಆದರೆ ನಿಮ್ಮ ಮನೆ ರೂಟರ್ ಯಾಕೆ ಸಾಯಬೇಕು?

ಕೇಬಲ್ಕೈ | ಶನಿವಾರ ರಾತ್ರಿ 10:25

ಸ್ವಲ್ಪ ತಡೀರಿ. ನಾನು ಹನ್ನೊಂದು ವರ್ಷದಿಂದ ಹುಬ್ಬಳ್ಳಿ ಕಡೆ ಫೈಬರ್ ಎಳೆಯುವ, ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವುದೇ ರೀಸ್ಟಾರ್ಟ್. ಜ್ವರ ಯಾಕೆ ಬಂತು ಅಂತ ನೋಡದೆ ದಿನಾ ಗುಳಿಗೆ ನುಂಗಿದ ಹಾಗೆ ಅದು.

ನೆಟ್ ಹೋದಾಗ ಡಬ್ಬಿ ಮೇಲೆ ಯಾವ ದೀಪ ಹೇಗಿರುತ್ತದೆ? ಎಲ್‌ಓಎಸ್ ಅಂತ ಬರೆದ ಕಡೆ ಕೆಂಪು ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ. ವೈರ್ ತುಂಡಾಗಿದೆ, ಇಲ್ಲ ಜಾಸ್ತಿ ಬಾಗಿದೆ, ಇಲ್ಲ ಕಂಬದ ಮೇಲಿನ ಡಬ್ಬಿಯಲ್ಲಿ ಏನೋ ಆಗಿದೆ. ಅದಕ್ಕೆ ನೂರು ಸಲ ಆಫ್ ಆನ್ ಮಾಡಿದರೂ ಏನೂ ಆಗುವುದಿಲ್ಲ. ಪಾನ್ ದೀಪ (ಫೈಬರ್ ಲೈನಿನದು) ಹಸಿರು ಇದ್ದು ಇಂಟರ್ನೆಟ್ ದೀಪ ಮಾತ್ರ ಆರಿದ್ದರೆ ಬೆಳಕು ಬರುತ್ತಿದೆ, ನೆಟ್ ಕಂಪನಿಯ ಸರ್ವರಿಗೆ ಲಾಗಿನ್ ಆಗುತ್ತಿಲ್ಲ. ಅದು ಬೇರೆ ಕಥೆ.

ಇನ್ನೊಂದು. 192.168.1.1ಕ್ಕೆ ಹೋಗಿ ಪಾನ್ ಸ್ಟೇಟಸ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಡಬ್ಬಿಗೆ ಬಂದು ಸೇರುವ ಬೆಳಕಿನ ಅಳತೆ) ಎಷ್ಟು ತೋರಿಸುತ್ತದೆ ಬರೆಯಿರಿ. ಮೈನಸ್ 8ರಿಂದ ಮೈನಸ್ 27ರ ಒಳಗಿರಬೇಕು. ಮೈನಸ್ 20, 22 ಇದ್ದರೆ ನೆಮ್ಮದಿ. 26 ದಾಟಿದರೆ ಇವತ್ತು ಇದೆ ನಾಳೆ ಇಲ್ಲ ಅನ್ನೋ ಕಥೆ. ಮೂರು ಡೆಸಿಬಲ್ ಇಳಿದರೆ ಬೆಳಕು ಅರ್ಧ ಆಯಿತು ಅಂತ ಲೆಕ್ಕ, ನೆನಪಿಡಿ.

ಸುಮ್ನೆಓದುವವಳು | ಶನಿವಾರ ರಾತ್ರಿ 10:41

ಕೇಬಲ್ಕೈ ಸರ್ ಹೇಳಿದ್ದು ನಮ್ಮ ಮನೆಯಲ್ಲೇ ಆಗಿತ್ತು (ಮೈಸೂರು). ಹಬ್ಬಕ್ಕೆ ಮನೆ ಸಾರಿಸಿ ಬೀರು ಹಿಂದಕ್ಕೆ ತಳ್ಳಿದ್ದೆವು. ಆವತ್ತಿನಿಂದ ನೆಟ್ ಬರುವುದು ಹೋಗುವುದು. ಕೇಬಲ್‌ನವರು ಬಂದು ಪೆನ್ನಿನ ಥರದ ಒಂದು ಕೆಂಪು ಟಾರ್ಚನ್ನು ವೈರ್ ತುದಿಗೆ ಸಿಕ್ಕಿಸಿದರು. ಲೈಟ್ ಆಫ್ ಮಾಡಿ ನೋಡಿದರೆ ಬೀರುವಿನ ಹಿಂದೆ, ವೈರ್ ಮಡಚಿದ್ದ ಜಾಗದಲ್ಲಿ ಮಾತ್ರ ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಒಳಗೆ ಹೋಗಬೇಕಾದ ಬೆಳಕು ಅಲ್ಲೇ ಸೋರುತ್ತಿದೆ ಅಂತ ತೋರಿಸಿದರು. ಬೀರು ನಾಲ್ಕು ಬೆರಳು ಮುಂದೆ ತಂದ ಮೇಲೆ ಸರಿಹೋಯಿತು. ಖರ್ಚು ಒಂದು ಲೋಟ ಕಾಫಿ.

ಕೇಬಲ್ಕೈ | ಶನಿವಾರ ರಾತ್ರಿ 10:50

ಅದೇ ನೋಡಿ ಅಕ್ಕಾ. ಆದರೆ ಯಾರೂ ಆ ವೈರ್ ಬಿಚ್ಚಿ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ. ನಮ್ಮ ಟಾರ್ಚಿನ ಕೆಂಪು ಕಣ್ಣಿಗೆ ಕಾಣುತ್ತದೆ, ನೆಟ್ ತರುವ ಬೆಳಕು 1490 ನ್ಯಾನೋಮೀಟರಿನದು, ಕಾಣುವುದೇ ಇಲ್ಲ. ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಮತ್ತೆ ಹಸಿರು ತಲೆಯ ಕನೆಕ್ಟರನ್ನು ನೀಲಿ ತಲೆಯದಕ್ಕೆ ಸಿಕ್ಕಿಸಬೇಡಿ. ಹಸಿರಿನ ತುದಿ 8 ಡಿಗ್ರಿ ಓರೆ ಇರುತ್ತದೆ, ನೀಲಿಯದು ನೇರ. ಕೂತ ಹಾಗೆ ಕಾಣುತ್ತದೆ, ಬೆಳಕು ಅರ್ಧಕ್ಕರ್ಧ ಹಾಳು.

ತೋಟದಮನೆ | ಭಾನುವಾರ ಬೆಳಿಗ್ಗೆ 8:15

ಅಮ್ಮನಿಗೆ ಕೇಳಿದೆ. ಕೆಂಪು ದೀಪ ಇರುವುದಿಲ್ಲವಂತೆ. "ಎಲ್ಲಾ ಹಸಿರೇ ಕಣೋ, ಒಂದು ಮಾತ್ರ ಇರೂದಿಲ್ಲ" ಅಂದರು. ವೈಫೈ ಹೆಸರೂ ಫೋನಿನಲ್ಲಿ ಕಾಣುತ್ತದೆ. ಆರ್‌ಎಕ್ಸ್ ಪವರ್ ಮೈನಸ್ 21.3. ಹಾಗಾದರೆ ವೈರ್ ಚೆನ್ನಾಗಿದೆ ಅಲ್ವಾ?

ಕೇಬಲ್ಕೈ | ಭಾನುವಾರ ಬೆಳಿಗ್ಗೆ 8:32

ವೈರ್ ಬಂಗಾರದಂತಿದೆ. ಕೇಬಲ್‌ನವರನ್ನು ಬೈಯಬೇಡಿ. ನಿಮ್ಮ ಡಬ್ಬಿಯೇ ಸಿಕ್ಕಿಹಾಕಿಕೊಳ್ಳುತ್ತಿದೆ, ಇಲ್ಲ ಲಾಗಿನ್ ಹೋಗುತ್ತಿದೆ. ಲಾಗಿನ್ ಆದರೆ ಒಂದು ವಿಷಯ: ಡಬ್ಬಿ ದಿಢೀರ್ ಅಂತ ಆಫ್ ಆದಾಗ ಆ ಕಡೆ ಸರ್ವರಿನಲ್ಲಿ ಹಳೇ ಸೆಷನ್ (ಲಾಗಿನ್ ಆಗಿದ್ದ ದಾಖಲೆ) ಸ್ವಲ್ಪ ಹೊತ್ತು ಉಳಿದಿರುತ್ತದೆ. ಒಂದು ಅಕೌಂಟಿಗೆ ಒಂದೇ ಲಾಗಿನ್ ಅಂತ ಇದ್ದರೆ, ಹಳೆಯದು ಕಳೆಯುವವರೆಗೆ ಹೊಸದನ್ನು ಒಳಗೆ ಬಿಡುವುದಿಲ್ಲ. ಎರಡು ಮೂರು ನಿಮಿಷ ಕಾದರೆ ತಾನೇ ಬರುತ್ತದೆ. ಜನ ಕಾಯದೆ ಮತ್ತೆ ಮತ್ತೆ ಆಫ್ ಮಾಡಿ ಅದನ್ನು ಇನ್ನಷ್ಟು ಎಳೆಯುತ್ತಾರೆ.

ಬಯಲುಸೀಮೆ | ಭಾನುವಾರ ಬೆಳಿಗ್ಗೆ 9:05

ಇಷ್ಟೆಲ್ಲಾ ಯಾಕ್ರೀ? ಅಂಗಡಿಯಲ್ಲಿ ಟೈಮರ್ ಪ್ಲಗ್ ಸಿಗುತ್ತದೆ, ಗಡಿಯಾರದ ಥರ ತಿರುಗುವಂಥದ್ದು. ಬೆಳಗಿನ ಜಾವ 4 ಗಂಟೆಗೆ 15 ನಿಮಿಷ ಆಫ್ ಆಗುವ ಹಾಗೆ ಇಟ್ಟುಬಿಡಿ. ನಮ್ಮ ಮನೆಯಲ್ಲಿ ಎರಡು ವರ್ಷ ಆಯಿತು, ತಕರಾರಿಲ್ಲ.

ರಿಲೇರಂಗ | ಭಾನುವಾರ ಬೆಳಿಗ್ಗೆ 9:20

ಅದರಲ್ಲಿ ತಪ್ಪಿಲ್ಲ, ದಿನ ಕಳೆದಂತೆ ಡಬ್ಬಿ ನಿಧಾನ ಆಗುವ ಕಾಯಿಲೆಗೆ ಅದು ಸಾಕು. ಆದರೆ ಇವರ ನೆಟ್ ಬೆಳಿಗ್ಗೆ 7ಕ್ಕೆ ಹೋದರೆ ಮರುದಿನ 4ರವರೆಗೆ ಕಾಯಬೇಕಾ? ಇನ್ನೊಂದು, ಕರೆಂಟ್ ಹೋದಾಗೆಲ್ಲ ಆ ಟೈಮರಿನ ಗಡಿಯಾರ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒಂದು ವಾರ ಕಳೆದರೆ ಅದರ 4 ಗಂಟೆ ಯಾವಾಗ ಅಂತ ಅದಕ್ಕೇ ಗೊತ್ತಿರುವುದಿಲ್ಲ.

ಬಯಲುಸೀಮೆ | ಭಾನುವಾರ ಬೆಳಿಗ್ಗೆ 9:24

ಹ್ಞಾಂ, ಅದು ಖರೆ. ನಮ್ಮದು ಇನ್ವರ್ಟರ್ ಮೇಲಿದೆ.

ಎಡಿಸನ್ಚಳಿ | ಭಾನುವಾರ ಬೆಳಿಗ್ಗೆ 10:10

ನಾನು ನ್ಯೂಜೆರ್ಸಿಯಲ್ಲಿ, ಅಮ್ಮ ದಾವಣಗೆರೆಯಲ್ಲಿ. ನನ್ನ ಗೋಳೂ ಇದೇ. ನಾನು ರಿಲೇರಂಗ ಅವರು ಹೇಳಿದಂಥದ್ದೇ ಒಂದನ್ನು ಮಾಡಿಟ್ಟು ಬಂದಿದ್ದೆ. ಚೆನ್ನಾಗೇ ಇತ್ತು. ಒಂದು ದಿನ ಪಕ್ಕದ ಮನೆ ಹುಡುಗ ಅಮ್ಮನಿಗೆ ಸಹಾಯ ಮಾಡಲು ಹೋಗಿ ವೈಫೈ ಪಾಸ್‌ವರ್ಡ್ ಬದಲಾಯಿಸಿದ. ನನ್ನ ಬೋರ್ಡಿಗೆ ಹೊಸ ಪಾಸ್‌ವರ್ಡ್ ಯಾರು ಹೇಳಬೇಕು? ಅದರ ಲೆಕ್ಕದಲ್ಲಿ ನೆಟ್ ಇಲ್ಲ. ರಾತ್ರಿಯಿಡೀ ಐದೈದು ನಿಮಿಷಕ್ಕೆ ರೂಟರ್ ಆಫ್ ಮಾಡಿ ಆನ್ ಮಾಡಿದೆ. ಬೆಳಿಗ್ಗೆ ಅಮ್ಮ, "ಆ ಡಬ್ಬಿ ರಾತ್ರಿಯೆಲ್ಲಾ ಟಕ್ ಟಕ್ ಅಂತಿತ್ತು, ಹಲ್ಲಿ ಅಂದ್ಕೊಂಡೆ" ಅಂದರು.

ಹಾಗಾಗಿ ಯಾರೇ ಮಾಡಿದರೂ ಅದಕ್ಕೆ ಸುಮ್ಮನಾಗುವುದನ್ನೂ ಕಲಿಸಿ.

ರಿಲೇರಂಗ | ಭಾನುವಾರ ಬೆಳಿಗ್ಗೆ 10:40

ಹಲ್ಲಿ!! 😄

ಇದು ಬಹಳ ಮುಖ್ಯ, ನಾನು ಮೊದಲೇ ಹೇಳಬೇಕಿತ್ತು. ನನ್ನದರಲ್ಲಿ ಹೀಗಿದೆ: ಒಂದು ಸಲ ರೀಸ್ಟಾರ್ಟ್ ಮಾಡಿದ ಮೇಲೆ ನಾಲ್ಕು ನಿಮಿಷ ಏನೂ ನೋಡುವುದಿಲ್ಲ, ಡಬ್ಬಿ ಎದ್ದು ಲಾಗಿನ್ ಆಗಲು ಅಷ್ಟು ಹೊತ್ತು ಬೇಕು. ಆಗಲೂ ಬರದಿದ್ದರೆ 10 ನಿಮಿಷ ಬಿಟ್ಟು ಇನ್ನೊಮ್ಮೆ, ಆಮೇಲೆ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ. ಮೂರಾದ ಮೇಲೆ ಕೈ ಕಟ್ಟಿ ಕೂರುತ್ತದೆ, ಆರು ಗಂಟೆಗೊಮ್ಮೆ ಮಾತ್ರ ಪ್ರಯತ್ನ. ಮೂರು ರೀಸ್ಟಾರ್ಟಿಗೂ ಬರಲಿಲ್ಲ ಅಂದರೆ ಅದು ಕೇಬಲ್ಕೈ ಅವರ ಇಲಾಖೆ, ನಮ್ಮದಲ್ಲ.

ತೋಟದಮನೆ, ನಿಮಗೆ ಮಾಡುವ ರೀತಿ ಹೇಳುತ್ತೇನೆ. 230 ವೋಲ್ಟಿಗೆ ಕೈ ಹಾಕಲೇಬೇಡಿ. ಅಡಾಪ್ಟರಿನಿಂದ ಡಬ್ಬಿಗೆ ಹೋಗುವ 12 ವೋಲ್ಟಿನ ವೈರನ್ನೇ ರಿಲೇ ಮೂಲಕ ಹಾಯಿಸಿ. ಎರಡರಲ್ಲಿ ಪ್ಲಸ್ ವೈರ್ ಮಾತ್ರ ಕತ್ತರಿಸಿ ಒಂದು ತುದಿ ಕಾಮನ್‌ಗೆ, ಇನ್ನೊಂದು ತುದಿ ಎನ್‌ಸಿ ಅಂತ ಬರೆದ ಸ್ಕ್ರೂಗೆ (ರಿಲೇ ಸುಮ್ಮನಿದ್ದಾಗ ಕೂಡಿಕೊಂಡಿರುವುದು). ಎನ್‌ಓಗೆ (ಸುಮ್ಮನಿದ್ದಾಗ ಬಿಟ್ಟುಕೊಂಡಿರುವುದು) ಹಾಕಬೇಡಿ. ಎನ್‌ಸಿಗೆ ಹಾಕಿದರೆ ಬೋರ್ಡ್ ಸತ್ತರೂ ರೂಟರ್ ಬದುಕಿರುತ್ತದೆ. ಎನ್‌ಓಗೆ ಹಾಕಿದರೆ ಕಾವಲುಗಾರ ಮಲಗಿದ ದಿನ ಮನೆಗೇ ಬೀಗ. ಬೋರ್ಡಿಗೆ ಬೇರೆ ಮೊಬೈಲ್ ಚಾರ್ಜರಿನಿಂದ 5 ವೋಲ್ಟ್ ಕೊಡಿ. ಅದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಸಿಗುವುದು, 5ರದ್ದು ಅದರ ಕಣ್ಣಿಗೆ ಕಾಣುವುದಿಲ್ಲ.

ಬಿದ್ದ ಹೊತ್ತು, ಎದ್ದ ಹೊತ್ತು ನೆನಪಿಟ್ಟುಕೊಂಡು ನೆಟ್ ಬಂದ ಮೇಲೆ ಟೆಲಿಗ್ರಾಮಿಗೆ ಕಳಿಸುವ ಹಾಗೆ ಮಾಡಿ. ಕೋಡ್ ನಿಮಗೆ ಮೆಸೇಜಿನಲ್ಲಿ ಹಾಕುತ್ತೇನೆ.

ನಿತ್ಯಪಿಂಗ್ | ಭಾನುವಾರ ಮಧ್ಯಾಹ್ನ 12:30

ಫೈಬರ್ ಡಬ್ಬಿ ಬೇರೆ, ರೂಟರ್ ಬೇರೆ ಇರುವವರಿಗೆ ಇದಕ್ಕಿಂತ ಮೆದು ದಾರಿ ಇದೆ. ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಬೇರೆ ತಂತ್ರಾಂಶ ಹಾಕಿದರೆ ಅದರಲ್ಲಿ ವಾಚ್‌ಕ್ಯಾಟ್ ಅಂತ ಒಂದು ಪ್ಯಾಕೇಜ್ ಇದೆ. ಪಿಂಗ್ ಹೋಗದಿದ್ದರೆ ವ್ಯಾನ್ ಇಂಟರ್‌ಫೇಸ್ (ಹೊರಗಿನ ನೆಟ್ ಕಡೆಯ ಸಂಪರ್ಕ) ಮಾತ್ರ ಇಳಿಸಿ ಏರಿಸುವ ಹಾಗೆ ಇಡಬಹುದು, ಇಡೀ ರೂಟರ್ ರೀಬೂಟ್ ಮಾಡುವ ಹಾಗೂ ಇಡಬಹುದು. ಮೈಕ್ರೋಟಿಕ್ ಕಂಪನಿಯ ರೂಟರ್ ಇದ್ದವರಿಗೆ ಇದೇ ಥರದ ನೆಟ್‌ವಾಚ್ ಇದೆ. ಕರೆಂಟ್ ಕತ್ತರಿಸುವುದು ಕೊನೆಯ ಮದ್ದು ಆಗಬೇಕು, ಮೊದಲನೆಯದಲ್ಲ.

ಆಮೇಲೆ ಪಿಂಗ್ ಹೋಗುತ್ತಿದ್ದು ಪುಟ ಮಾತ್ರ ತೆರೆಯದಿದ್ದರೆ ಅದು ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವುದು) ತೊಂದರೆ. ರೂಟರಿನಲ್ಲಿ ಡಿಎನ್‌ಎಸ್ 1.1.1.1 ಅಂತ ಬದಲಾಯಿಸಿ ನೋಡಿ. ಇದಕ್ಕೂ ಜನ ಸುಮ್ನೆ ರೂಟರ್ ಆಫ್ ಮಾಡುತ್ತಾರೆ.

ತೋಟದಮನೆ | ಮುಂದಿನ ಭಾನುವಾರ ರಾತ್ರಿ 8:50

ಶನಿವಾರ ಊರಿಗೆ ಹೋಗಿದ್ದೆ. ಹಾಕಿ ಬಂದೆ!! ಬೋರ್ಡು, ರಿಲೇ, ಒಂದು ಹಳೇ ಟಿಫಿನ್ ಡಬ್ಬಿ. ಪ್ಲಾಸ್ಟಿಕ್ಕಿನದು, ಸ್ಟೀಲ್ ಆದರೆ ವೈಫೈ ಒಳಗೆ ಹೋಗುವುದಿಲ್ಲ ಅಂತ ಅಷ್ಟು ಬುದ್ಧಿ ಇತ್ತು. ಇವತ್ತು ಬೆಳಿಗ್ಗೆ ನನ್ನ ಕಣ್ಣೆದುರೇ ನೆಟ್ ಹೋಯಿತು. ನಾನು ಗಂಜಿ ಊಟಕ್ಕೆ ಕೂತಿದ್ದೆ. ಐದು ನಿಮಿಷ ಆದ ಮೇಲೆ ಅಟ್ಟದ ಮೇಲೆ ಟಕ್ ಅಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್. ಮೂರು ನಿಮಿಷಕ್ಕೆ ನೆಟ್ ಬಂತು. ಅಪ್ಪ ಒಂದು ಸಲ ಮೇಲೆ ನೋಡಿ ಮತ್ತೆ ಉಪ್ಪಿನಕಾಯಿ ನೆಕ್ಕಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮ್ಮ ಮನೆಯಲ್ಲಿ ಸಿಗುವುದಿಲ್ಲ.

ರಿಲೇರಂಗ ಅವರೇ, ಬಹಳ ಉಪಕಾರ ಆಯಿತು.

ಕೇಬಲ್ಕೈ | ಮುಂದಿನ ಭಾನುವಾರ ರಾತ್ರಿ 9:15

ಸಂತೋಷ. ಆದರೆ ನಾನು ಬಿಡುವವನಲ್ಲ. ಈಗ ನೆಟ್ ಬಿದ್ದರೂ ನಿಮಗೆ ಗೊತ್ತಾಗುವುದಿಲ್ಲ, ಅದೇ ಅಪಾಯ. ಒಂದು ವಾರ ಬಿದ್ದ ಹೊತ್ತುಗಳನ್ನು ಇಲ್ಲಿ ಹಾಕಿ.

ತೋಟದಮನೆ | ಅದರ ಮುಂದಿನ ಶನಿವಾರ ಸಂಜೆ 7:30

ಹಾಕುತ್ತಿದ್ದೇನೆ. ಸೋಮವಾರ ಬೆಳಿಗ್ಗೆ 6:42, ಸಂಜೆ 5:10. ಮಂಗಳವಾರ 6:38. ಬುಧವಾರ 6:45, ಸಂಜೆ 5:21. ಗುರುವಾರ ಇಲ್ಲ, ಒಂದೂ ಇಲ್ಲ. ಶುಕ್ರವಾರ 6:40, 5:15. ಇವತ್ತು 6:51. ಎಲ್ಲದರಲ್ಲೂ ವೈಫೈ ಇದೆ, ಹೊರಗೆ ಪಿಂಗ್ ಇಲ್ಲ ಅಂತ ಬರೆದಿದೆ. ಎಲ್ಲಾ ಸಲವೂ ಒಂದೇ ರೀಸ್ಟಾರ್ಟಿಗೆ ಬಂದಿದೆ.

ಬರೆಯುವಾಗಲೇ ಅನ್ನಿಸಿತು, ಇದು ನೆಟ್ ಹೋಗುವ ಹೊತ್ತಿನ ಥರ ಇಲ್ಲ, ಬಸ್ಸಿನ ಟೈಮ್ ಥರ ಇದೆ.

ಸುಮ್ನೆಓದುವವಳು | ಅದೇ ಶನಿವಾರ ಸಂಜೆ 7:44

ನನಗೆ ಈ ಪಿಂಗ್ ಗಿಂಗ್ ಗೊತ್ತಾಗುವುದಿಲ್ಲ, ಆದರೆ ಬೆಳಿಗ್ಗೆ ಆರೂ ಮುಕ್ಕಾಲು ಸಂಜೆ ಐದು ಅಂದರೆ ಮನೆಯಲ್ಲಿ ಯಾರೋ ಏನೋ ಮಾಡುವ ಹೊತ್ತು. ಮಿಕ್ಸಿ? ಗೀಸರ್? ನೀರಿನ ಮೋಟರ್? ಗುರುವಾರ ಏನು ವಿಶೇಷ, ಕೇಳಿ ನೋಡಿ.

ತೋಟದಮನೆ | ಅದೇ ಶನಿವಾರ ರಾತ್ರಿ 8:20

ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ.

ಅಮ್ಮನಿಗೆ ಕೇಳಿದೆ. ಬೆಳಿಗ್ಗೆ ಅಪ್ಪ ಬಾವಿಯ ಮೋಟರ್ ಹಾಕಿ ಟ್ಯಾಂಕ್ ತುಂಬಿಸುತ್ತಾರೆ. ಸಂಜೆ ತೋಟದಿಂದ ಬಂದು ಕೊಟ್ಟಿಗೆ ತೊಳೆಯುವುದಿದ್ದರೆ ಇನ್ನೊಮ್ಮೆ. ಗುರುವಾರ ಇಬ್ಬರೂ ಮದುವೆಮನೆಗೆ ಹೋಗಿದ್ದರು!

ಈಗಲೇ ಪರೀಕ್ಷೆ ಮಾಡಿದೆವು. ಅಮ್ಮ ವಿಡಿಯೋ ಕಾಲ್‌ನಲ್ಲಿ ಫೋನನ್ನು ಡಬ್ಬಿಯ ಕಡೆ ಹಿಡಿದು ನಿಂತರು, ಅಪ್ಪ ಹೊರಗೆ ಸ್ಟಾರ್ಟರ್ ಒತ್ತಿದರು. ಅಟ್ಟದ ಬಲ್ಬ್ ಒಂದು ಕ್ಷಣ ಮಂಕಾಯಿತು, ಡಬ್ಬಿಯ ದೀಪ ಎಲ್ಲಾ ಒಮ್ಮೆ ಪಟಪಟ ಅಂದವು, ಅಮ್ಮನ ಮುಖ ಅಲ್ಲೇ ನಿಂತುಹೋಯಿತು. ಕಾಲ್ ಕಟ್.

ಕೇಬಲ್ಕೈ | ಅದೇ ಶನಿವಾರ ರಾತ್ರಿ 8:35

ಸಿಕ್ಕಿತು ಕಳ್ಳ. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಕಂಬದಿಂದ ಮನೆಗೆ ದೂರ ಜಾಸ್ತಿ ಇದ್ದರೆ ಆ ಕ್ಷಣಕ್ಕೆ ಮನೆಯ ವೋಲ್ಟೇಜ್ ಕುಸಿಯುತ್ತದೆ.

ನಿತ್ಯಪಿಂಗ್ | ಅದೇ ಶನಿವಾರ ರಾತ್ರಿ 8:49

ಒಂದು ಅನುಮಾನ. ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತದೆ. 150ಕ್ಕೆ ಇಳಿದರೂ ಅದಕ್ಕೆ ಏನೂ ಆಗಬಾರದು. ಮತ್ತೆ ನಿಮ್ಮ ಇಎಸ್‌ಪಿ ಬೋರ್ಡ್ ಅದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ತಾನೇ ಇರುವುದು? ಅದು ಯಾಕೆ ಬೀಳುತ್ತಿಲ್ಲ?

ತೋಟದಮನೆ | ಅದೇ ಶನಿವಾರ ರಾತ್ರಿ 9:02

ಅದೇ ಬೋರ್ಡು, ಪಕ್ಕದ ಪಾಯಿಂಟ್. ಅದು ಶುರುವಾಗಿ ಏಳು ದಿನ ಆಯಿತು ಅಂತ ತೋರಿಸುತ್ತಿದೆ, ಒಂದು ಸಲವೂ ಬಿದ್ದಿಲ್ಲ. ಹೊಸ ಮೊಬೈಲ್ ಚಾರ್ಜರ್ ಹಾಕಿದ್ದೆ.

ನಿತ್ಯಪಿಂಗ್ | ಅದೇ ಶನಿವಾರ ರಾತ್ರಿ 9:08

ಹಾಗಾದರೆ ಉತ್ತರ ನೀವೇ ಹೇಳಿದಿರಿ. ವೋಲ್ಟೇಜ್ ಇಬ್ಬರಿಗೂ ಅಷ್ಟೇ ಬಂದಿದೆ, ಒಬ್ಬ ನಿಂತ, ಒಬ್ಬ ಬಿದ್ದ. ಮುದಿಯಾಗಿರುವುದು ರೂಟರಿನ ಅಡಾಪ್ಟರ್. ಅದರೊಳಗೆ ಕೆಪಾಸಿಟರ್ ಅಂತ ಇರುತ್ತದೆ, ಕರೆಂಟ್ ಕುಸಿದಾಗ ಒಂದು ಗಳಿಗೆ ತಾನು ಕೂಡಿಟ್ಟದ್ದನ್ನು ಕೊಟ್ಟು ಸಂಭಾಳಿಸುವುದು ಅದರ ಕೆಲಸ. ಅಟ್ಟದ ಬಿಸಿಗೆ ಎರಡು ವರ್ಷ ಬೆಂದು ಒಣಗಿದೆ. 12 ಹೋಗಿ ಕ್ಷಣಕಾಲ 8, 9 ಆದರೆ ಡಬ್ಬಿ ಪೂರ್ತಿ ಆರುವುದೂ ಇಲ್ಲ, ಸರಿಯಾಗಿ ಎಚ್ಚರ ಇರುವುದೂ ಇಲ್ಲ. ವೈಫೈ ಇದೆ, ನೆಟ್ ಇಲ್ಲ.

ಹೊಸ ಅಡಾಪ್ಟರ್ ತರುವಾಗ ವೋಲ್ಟ್ ಕರೆಕ್ಟಾಗಿ 12 ಇರಬೇಕು, ಆಂಪಿಯರ್ ಹಳೆಯದರಷ್ಟೇ ಅಥವಾ ಜಾಸ್ತಿ. ಪಿನ್ನಿನ ದಪ್ಪ, ಒಳಗೆ ಪ್ಲಸ್ ಹೊರಗೆ ಮೈನಸ್ ಇದೆಯಾ ಅಂತ ಹಳೆಯದನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ನೋಡಿ.

ರಿಲೇರಂಗ | ಅದೇ ಶನಿವಾರ ರಾತ್ರಿ 9:30

ಇಷ್ಟು ಮಾಡಿದ ಮೇಲೆ ಒಂದು ಮಿನಿ ಯುಪಿಎಸ್ಸೂ ಹಾಕಿಬಿಡಿ, 12 ವೋಲ್ಟಿನದು. 8800 ಎಂಎಎಚ್ ಅಂತ ಬರೆದಿದ್ದರೆ ಮೋಸ ಹೋಗಬೇಡಿ, ಅದು 3.7 ವೋಲ್ಟಿನ ಲೆಕ್ಕ. ಗುಣಿಸಿದರೆ ಸುಮಾರು 32 ವ್ಯಾಟ್ ಅವರ್. ನಿಮ್ಮ ಡಬ್ಬಿ 7, 8 ವ್ಯಾಟ್ ತಿಂದರೆ ಮೂರೂವರೆ ಗಂಟೆ ಬಂದರೆ ಪುಣ್ಯ. ಮತ್ತೆ ಯುಪಿಎಸ್ ಆದ ಮೇಲೆ ರಿಲೇ ಬರಬೇಕು, ಮೊದಲು ಅಲ್ಲ. ಮೊದಲು ಹಾಕಿದರೆ ರಿಲೇ ಟಕ್ ಅನ್ನುತ್ತದೆ, ರೂಟರ್ ಬ್ಯಾಟರಿಯಲ್ಲಿ ಆರಾಮಾಗಿ ಓಡುತ್ತಿರುತ್ತದೆ. ಬೋರ್ಡಿನ ಚಾರ್ಜರನ್ನೂ ಮರೆಯಬೇಡಿ, ಕರೆಂಟ್ ಹೋದಾಗ ಕಾವಲಿಗೆ ಅದೂ ಬೇಕಲ್ಲ. ಯುಪಿಎಸ್ಸಿನಲ್ಲಿ 5 ವೋಲ್ಟಿನ ಯುಎಸ್‌ಬಿ ಇದ್ದರೆ ಅಲ್ಲಿಂದಲೇ ಕೊಡಿ.

ಕೇಬಲ್ಕೈ | ಅದೇ ಶನಿವಾರ ರಾತ್ರಿ 9:41

ಗುಡುಗು ಮಿಂಚಿಗೆ ಮಾತ್ರ ಇದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ. ಆದರೆ ಕಂಬದಿಂದ ಬರುವ ಬಹಳಷ್ಟು ಕೇಬಲಿನಲ್ಲಿ ಎಳೆಯುವ ಬಲಕ್ಕೆ ಒಂದು ಉಕ್ಕಿನ ತಂತಿ ಇರುತ್ತದೆ, ಪ್ಲಗ್ಗಂತೂ ಇದ್ದೇ ಇದೆ. ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಕೀಳಿ.

ತೋಟದಮನೆ | ಮೂರು ವಾರದ ನಂತರ, ಭಾನುವಾರ ಸಂಜೆ 6:05

ಏನಾಯಿತು ಅಂತ ಹೇಳದೆ ಹೋಗುವವರ ಸಾಲಿಗೆ ಸೇರಬಾರದು ಅಂತ ಬಂದೆ.

ಹೊಸ ಅಡಾಪ್ಟರ್, 12 ವೋಲ್ಟ್ 2 ಆಂಪಿಯರ್, ಶಿವಮೊಗ್ಗದಲ್ಲಿ 280 ರೂಪಾಯಿ. ಮಿನಿ ಯುಪಿಎಸ್ ಇನ್ನೂ ತಂದಿಲ್ಲ, ಬೇಕಂತಲೇ. ಒಟ್ಟಿಗೆ ಎರಡೂ ಹಾಕಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುತ್ತಿರಲಿಲ್ಲ. 19 ದಿನ ಆಯಿತು. ಮೋಟರ್ ದಿನಾ ಓಡಿದೆ, ಬೆಳಿಗ್ಗೆ 6:40ಕ್ಕೆ ನೆಟ್ ಒಂದು ಸಲವೂ ಬಿದ್ದಿಲ್ಲ. ಟಕ್ ಅಂದಿದ್ದು ಒಂದೇ ದಿನ. ಆವತ್ತು ಗಾಳಿಗೆ ಅಕೇಶಿಯಾ ಕೊಂಬೆ ಬಿದ್ದು ಕೇಬಲ್ಲೇ ತುಂಡಾಗಿತ್ತು. ಮೂರು ಸಲ ಪ್ರಯತ್ನ ಮಾಡಿ ಕೈ ಕಟ್ಟಿ ಕೂತಿತು, ಹೇಳಿಕೊಟ್ಟ ಹಾಗೇ. ಕೇಬಲ್‌ನವರು ಮರುದಿನ ಮಧ್ಯಾಹ್ನ ಬಂದು ಜೋಡಿಸಿದರು.

ಈಗ ಹೊಸ ತೊಂದರೆ ಒಂದಿದೆ. ಅಪ್ಪನಿಗೆ ಕಾರಣ ಎಲ್ಲಾ ವಿವರಿಸಿ ಹೇಳಿದ್ದು ತಪ್ಪಾಯಿತು. ದಿನಾ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಫೋನ್ ಮಾಡುತ್ತಾರೆ. "ಮೋಟರ್ ಹಾಕ್ತಾ ಇದೀನಿ, ನಿಂಗೇನಾದ್ರೂ ಕೆಲಸ ಇದ್ರೆ ಮುಗಿಸ್ಕೋ."

ಬಯಲುಸೀಮೆ | ಭಾನುವಾರ ಸಂಜೆ 6:20

ಅದಕ್ಕೆ ರೀಸ್ಟಾರ್ಟ್ ಇಲ್ಲರೀ. ಎದ್ದು ಮಾತಾಡಿ.

ಹೊಸಬ | ಭಾನುವಾರ ರಾತ್ರಿ 11:12

ಸರ್ ನಮ್ಮ ಮನೆಯಲ್ಲೂ ನೆಟ್ ಬರುತ್ತಿಲ್ಲ, ಮೂರು ದಿನದಿಂದ ಆಫ್ ಆನ್ ಮಾಡಿ ಸಾಕಾಯಿತು. ಏನು ಮಾಡಬೇಕು?

ಕೇಬಲ್ಕೈ | ಭಾನುವಾರ ರಾತ್ರಿ 11:15

ದೀಪ ಯಾವ ಬಣ್ಣ?